ನೀರೊಳಗಿನ ಚಾಳೀಸು

ಊರಿಗೆಲ್ಲ ಕನ್ನಡಕ ಹಾಕಿಸಿದ ಮನುಷ್ಯನಿಗೆ ತನಗೂ ಒಂದು ಬೇಕು ಎಂದು ಒಪ್ಪಿಕೊಳ್ಳುವುದು ಪ್ರಾಣಸಂಕಟ. ಕನ್ನಡಕದಂಗಡಿಯ ಯಜಮಾನರು ಐವತ್ತು ದಾಟಿದ್ದರು. ಗಿರಾಕಿಗಳಿಗೆ, "ನಲವತ್ತಾದ ಮೇಲೆ ಚಾಳೀಸು ಬರೋದು ಸಹಜ, ನಾಚ್ಕೋಬಾರದು" ಎಂದು ದಿನವೂ ಬುದ್ಧಿ ಹೇಳುವವರು, ತಮ್ಮ ಮಾತು ಬಂದರೆ ಮಾತ್ರ "ನಂದು ಹದ್ದಿನ ಕಣ್ಣು" ಎನ್ನುತ್ತಿದ್ದರು. ಫ್ರೇಮಿನ ಸಣ್ಣ ಸ್ಕ್ರೂ ಬಿಗಿಯುವ ಕೆಲಸ ಬಂದರೆ, "ನಿನ್ನ ಕೈ ನಾಜೂಕು" ಎಂದು ಹೆಂಡತಿಯತ್ತ ತಳ್ಳುತ್ತಿದ್ದರು. ಪೇಪರನ್ನು ಅವರು ಎಷ್ಟು ದೂರ ಹಿಡಿದು ಓದುತ್ತಿದ್ದರೆಂದರೆ, ಎದುರಿಗೆ ಕೂತವರು ಮೂಗು ಹಿಂದಕ್ಕೆ ಎಳೆದುಕೊಳ್ಳಬೇಕಾಗುತ್ತಿತ್ತು.

ಇಂಥವರನ್ನು ಸಮುದ್ರಕ್ಕೆ ಎಳೆದವನು ಅವರ ಭಾಮೈದ. ಅವನದು ಬೇಕರಿ. "ಒಲೆ ಮುಂದೆ ಬೆಂದಿದ್ದು ಸಾಕು ಭಾವ, ಇನ್ನು ನೀರಿಗಿಳಿಯೋಣ" ಎಂದು ಡೈವಿಂಗ್ ಕಲಿಯಲು ಸೇರಿಕೊಂಡ. ಜೊತೆಗಿರಲಿ ಎಂದು ಭಾವನನ್ನೂ ಸೇರಿಸಿದ. ಇಬ್ಬರೂ ಪಾಸಾದರು. ಈಗ ಒಂದು ವಾರದ ಹಡಗು ಪ್ರವಾಸಕ್ಕೆ ಹೊರಟಿದ್ದರು. ಹಡಗಿನಲ್ಲೇ ಊಟ, ಹಡಗಿನಲ್ಲೇ ನಿದ್ದೆ. ಎದ್ದರೆ ಮುಳುಗು, ಉಂಡರೆ ಮುಳುಗು.

ಅದಕ್ಕೆ ಇಬ್ಬರಿಗೂ ಡೈವ್ ಕಂಪ್ಯೂಟರ್ ಬೇಕಾಗಿತ್ತು. ಡೈವಿಂಗ್ ಸಾಮಾನಿನ ಅಂಗಡಿಗೆ ಯಜಮಾನರ ಹೆಂಡತಿಯೂ ಜೊತೆಗೆ ಬಂದರು.

"ಆಳಕ್ಕೆ ಹೋದಷ್ಟೂ ಉಸಿರಲ್ಲಿರೋ ನೈಟ್ರೋಜನ್ ಮೈಗೆ ಇಳಿಯುತ್ತೆ. ಮೇಲೆ ಬಂದ ತಕ್ಷಣ ಅದು ಖಾಲಿ ಆಗಲ್ಲ, ನಿಲ್ಲದೆ ಬಂದ್ರೆ ಗುಳ್ಳೆ ಕಟ್ಟಿ ಕೈಕಾಲು ಹಿಡಿಯುತ್ತೆ" ಎಂದು ಅಂಗಡಿಯಾಕೆ ವಿವರಿಸಿದಳು. "ಬೆಳಿಗ್ಗೆ ತಿಂದಿದ್ದು ಅರಗೋ ಮುಂಚೆ ಮಧ್ಯಾಹ್ನ ಮತ್ತೆ ತಿಂದ ಹಾಗೆ. ದಿನಕ್ಕೆ ಮೂರ್ನಾಲ್ಕು ಸಲ ಇಳಿಯೋರಿಗೆ ಇದೇ ಮುಖ್ಯ. ಬೆಳಗಿನ ಬಾಕಿನೂ ಸೇರಿಸಿ, ಈಗ ಎಷ್ಟು ಹೊತ್ತು ಕೆಳಗಿರಬಹುದು, ಮೇಲೆ ಬರುವಾಗ ಎಲ್ಲಿ ನಿಲ್ಲಬೇಕು ಅಂತ ಇದು ಹೇಳುತ್ತೆ."

ಅವಳು ಎರಡನ್ನು ಮುಂದಿಟ್ಟಳು. ಒಂದು ಸೋಪಿನ ಡಬ್ಬಿಯಷ್ಟು ದಪ್ಪ, ಅಂಕಿಗಳು ರೈಲ್ವೆ ಸ್ಟೇಷನ್ನಿನ ಗಡಿಯಾರದಂತೆ ದೊಡ್ಡವು. ಇನ್ನೊಂದು ಕೈಗಡಿಯಾರದ ಹಾಗೆ ತೆಳ್ಳಗೆ, ಹೊಳೆಯುವ ಉಕ್ಕಿನ ಅಂಚು, ಅಂಕಿಗಳು ಇರುವೆ ಸಾಲಿನಷ್ಟು ಸಣ್ಣವು.

"ಒಳಗಿನ ಲೆಕ್ಕ ಎರಡಕ್ಕೂ ಒಂದೇ. ಯಾವುದನ್ನ ಸುಲಭವಾಗಿ ಓದ್ತೀರೋ ಅದನ್ನ ತಗೊಳ್ಳಿ" ಎಂದಳು ಅಂಗಡಿಯಾಕೆ.

ಭಾಮೈದ ಯೋಚನೆಯನ್ನೇ ಮಾಡದೆ ಸೋಪಿನ ಡಬ್ಬಿ ಕಟ್ಟಿಕೊಂಡ. ಯಜಮಾನರು ತೆಳ್ಳಗಿನದನ್ನು ಎತ್ತಿ, ಕೈಯನ್ನು ನಿಧಾನವಾಗಿ ಮುಂದೆ ಚಾಚಿದರು. ಇನ್ನೂ ಚಾಚಿದರು. ಪಕ್ಕದ ಸ್ಟ್ಯಾಂಡಿನಲ್ಲಿ ತೂಗುಹಾಕಿದ್ದ ರಬ್ಬರ್ ಕೈಗವಸುಗಳು ದಬದಬ ಬಿದ್ದವು.

"ರೀ, ಕೈ ಇನ್ನೊಂದು ಗೇಣು ಉದ್ದ ಇರಬೇಕಿತ್ತು" ಎಂದರು ಹೆಂಡತಿ. "ಸುಮ್ನೆ ಆ ದಪ್ಪದ್ದು ತಗೊಳ್ಳಿ."

"ಅದು ಕಣ್ಣು ಕಾಣದವರಿಗೆ ಕಣೆ. ನನಗೆ ಇದು ಸ್ಫಟಿಕದ ಹಾಗೆ ಕಾಣ್ತಿದೆ."

"ಏನು ಬರೆದಿದೆ ಹೇಳಿ?"

"ಎಲ್ಲಾ ಬರೆದಿದೆ" ಎಂದು ಯಜಮಾನರು ಅದನ್ನು ಕಟ್ಟಿಸಿಕೊಂಡೇಬಿಟ್ಟರು.

ಹಡಗಿನಲ್ಲಿ ಹತ್ತಾರು ಜನ. ಅವರಲ್ಲಿ ನಿವೃತ್ತಿಯಾದ ಒಬ್ಬರು ಜಡ್ಜಮ್ಮ. ಎಲ್ಲರಿಗೂ ಮೇಲುಸ್ತುವಾರಿ ಒಬ್ಬ ಗೈಡ್ ಹೆಂಗಸಿನದು. ಅವಳ ಮಾತು ಕಡಿಮೆ, ನೋಟ ಚುರುಕು. ಮೊದಲ ಸಲ ಮುಳುಗಿದಾಗಲೇ ಯಜಮಾನರಿಗೆ ಗೊತ್ತಾಯಿತು: ಮಣಿಕಟ್ಟಿನ ಮೇಲಿದ್ದದ್ದು ಅಂಕಿಯಲ್ಲ, ಮಂಜು. ಕೈಯನ್ನು ಉದ್ದಕ್ಕೆ ಚಾಚಿ, ಕುತ್ತಿಗೆ ಹಿಂದಕ್ಕೆಳೆದು ದಿಟ್ಟಿಸಿದರು. ಅವರೇನೋ ತೋರಿಸುತ್ತಿದ್ದಾರೆ ಎಂದುಕೊಂಡು ಇಡೀ ತಂಡ ಆ ದಿಕ್ಕಿಗೆ ಈಜಿತು. ಅಲ್ಲಿ ಬರೀ ಬಂಡೆ. ಎಲ್ಲರೂ ಬಂಡೆಯನ್ನು ಭಕ್ತಿಯಿಂದ ನೋಡಿ ವಾಪಸಾದರು.

ಮತ್ತೊಮ್ಮೆ ಕೈ ಚಾಚಿದರು, ಮತ್ತೊಮ್ಮೆ ಜನ ಹೋದರು. ಈ ಸಲ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಬೆರಳಿನ ನೇರಕ್ಕೇ, ಹುಲ್ಲೆಸಳಿಗೆ ಬಾಲ ಸುತ್ತಿಕೊಂಡು, ಉಗುರಿನಷ್ಟು ಪುಟ್ಟ ಕಡಲ್ಗುದುರೆಯೊಂದು ನಿಂತಿತ್ತು!

"ನಾನು ಈ ಜಾಗಕ್ಕೆ ಎಷ್ಟು ಸಲ ಬಂದಿದ್ದೀನೋ, ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಏನು ಕಣ್ಣು ಸಾರ್ ನಿಮ್ಮದು!" ಎಂದಳು ಗೈಡ್, ಹಡಗು ಹತ್ತಿದ ಮೇಲೆ.

"ಹುಟ್ಟಿನಿಂದ ಬಂದಿದ್ದು" ಎಂದರು ಯಜಮಾನರು. ಆ ಕುದುರೆಯನ್ನು ಅವರೊಬ್ಬರು ಬಿಟ್ಟು ಎಲ್ಲರೂ ನೋಡಿದ್ದರು.

ಹೆಸರೇನೋ ಬಂತು, ಅಂಕಿ ಮಾತ್ರ ಕಾಣಲೊಲ್ಲದು. ಯಜಮಾನರು ಉಪಾಯ ಹೂಡಿದರು. ಭಾಮೈದನ ಪಕ್ಕಕ್ಕೇ ಅಂಟಿಕೊಂಡು ಅವನ ಡಬ್ಬಿಯನ್ನು ಇಣುಕಿ ನೋಡತೊಡಗಿದರು. ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ, ಕಂಕುಳಲ್ಲಿ ತಲೆ ತೂರಿಸಿಯಾದರೂ ನೋಡಬೇಕು. ಭಾಮೈದ ಎರಡು ದಿನ ಸಹಿಸಿದ. ಮೂರನೆಯ ದಿನ ತಿಂಡಿಯ ಮೇಜಿನಲ್ಲಿ ಸಿಡಿದ.

"ಭಾವ, ನನಗೆ ಲೆಕ್ಕ ಬರಲ್ಲ ಅಂತಾನಾ? ಗಳಿಗೆಗೊಂದು ಸಲ ಪರೀಕ್ಷೆ ಮಾಡ್ತೀರಲ್ಲ! ನಾನೇನು ಬ್ರೆಡ್ ಅಳತೆ ತಪ್ಪಿ ಸುಟ್ಟವನಾ?"

"ಅಯ್ಯೋ, ಹಾಗಲ್ಲಪ್ಪ..."

"ಮತ್ತೆ ಹೇಗೆ?"

ಹೇಗೆ ಎಂದು ಹೇಳಿದರೆ ಹದ್ದು ಗೂಬೆಯಾಗುತ್ತದೆ. ಯಜಮಾನರು ಬಾಯಿಗೆ ಬ್ರೆಡ್ ತುರುಕಿಕೊಂಡರು. ಭಾಮೈದ ಮುಖ ಊದಿಸಿಕೊಂಡು ಎದ್ದುಹೋದ. ಮುಂದಿನ ಮುಳುಗಿನಲ್ಲಿ ಅವನು ಪಕ್ಕದಲ್ಲೇನೋ ಇದ್ದ. ಕಂಪ್ಯೂಟರಿನ ಮೇಲೆ ಮಾತ್ರ ಇನ್ನೊಂದು ಕೈ ಮುಚ್ಚಿಕೊಂಡಿದ್ದ, ಪರೀಕ್ಷೆಯಲ್ಲಿ ಉತ್ತರ ಮರೆಮಾಡುವ ಹುಡುಗನ ಹಾಗೆ.

ಅವತ್ತು ಯಜಮಾನರು ಸ್ವಲ್ಪ ಹೆಚ್ಚೇ ಆಳಕ್ಕೆ ಇಳಿದಿದ್ದರು. ಮೇಲೆ ಬರುವಾಗ ಕಂಪ್ಯೂಟರ್ ಕುಯ್ ಎಂದಿತು. ನಿಲ್ಲು ಎನ್ನುತ್ತಿದೆ, ಸರಿ, ಎಷ್ಟು ನಿಮಿಷ? ಕಣ್ಣು ಕಿರಿದು ಮಾಡಿದರು, ಅಗಲ ಮಾಡಿದರು. ಒಂದು ಎಂದು ಕಂಡಿತು. ಒಂದು ನಿಮಿಷ ನಿಂತು, ಅದು ಕಿರುಚುತ್ತಿದ್ದರೂ ಠೀವಿಯಿಂದ ಮೇಲೆ ಬಂದರು. ಅಲ್ಲಿದ್ದದ್ದು ಏಳು.

ಕೆಳಗೆ ಕೈಬೀಸಿ ಕರೆದು ಸೋತ ಭಾಮೈದ ಬಂದು ದೂರಿತ್ತ. ಗೈಡ್ ಯಜಮಾನರನ್ನು ಮಲಗಿಸಿ, ಮೂಗಿಗೆ ಆಮ್ಲಜನಕ ಹಿಡಿದು, ಕೈಕಾಲು ಮುಟ್ಟಿ ಮುಟ್ಟಿ ನೋಡಿದಳು. ಪುಣ್ಯಕ್ಕೆ ಏನೂ ಆಗಿರಲಿಲ್ಲ. ಕಂಪ್ಯೂಟರ್ ಮಾತ್ರ ತನ್ನ ಮಾತು ಮೀರಿದ್ದಕ್ಕೆ ಮುನಿಸಿಕೊಂಡು ತನ್ನನ್ನು ತಾನೇ ಬೀಗ ಹಾಕಿಕೊಂಡಿತ್ತು.

ಸಂಜೆ ಎಲ್ಲರೂ ಊಟದ ಕೋಣೆಯಲ್ಲಿದ್ದಾಗ ಗೈಡ್ ಒಂದು ಕಂಪ್ಯೂಟರ್ ತಂದು ಯಜಮಾನರ ಕೈಗೆ ಕೊಟ್ಟಳು. "ಸಾರ್, ಇದರಲ್ಲಿ ಎಷ್ಟಿದೆ, ಸ್ವಲ್ಪ ಓದಿ."

ಯಜಮಾನರು ಕೈ ಚಾಚಿದರು. ಎದುರಿನ ಸೂಪಿನ ಬಟ್ಟಲು ದಾಟಿತು ಕೈ. "ಹದಿನೆಂಟು" ಎಂದರು ಗಂಭೀರವಾಗಿ.

"ಸರಿಯಾಗಿ ನೋಡಿ."

"ಹದಿನೆಂಟು ಅಲ್ಲದೆ ಇನ್ನೇನು? ಕೊನೇದು ಬೇಕಾದ್ರೆ ಮೂರು ಅನ್ನಬಹುದು."

"ಸಾರ್, ಇದರಲ್ಲಿ ಬ್ಯಾಟರಿನೇ ಇಲ್ಲ."

ಯಜಮಾನರು ಇಂಗು ತಿಂದ ಮಂಗನಂತಾದರು. ಮೊದಲು ನಕ್ಕವರು ಜಡ್ಜಮ್ಮ. ಆಮೇಲೆ ಯಾರನ್ನು ಹಿಡಿಯುವುದು? ಭಾಮೈದ ಒಬ್ಬನೇ ನಗಲಿಲ್ಲ. ಎದ್ದು ಬಂದು ಪಕ್ಕ ಕೂತ.

"ಅಂದ್ರೆ ಭಾವ, ನೀವು ನನ್ನ ಮೇಲೆ ಅನುಮಾನ ಪಟ್ಟಿದ್ದಲ್ಲ?"

"ಅನುಮಾನ ಯಾಕೋ ಪಡಲಿ? ನಿಂದು ಕಾಣ್ತಿತ್ತು, ಅದಕ್ಕೆ ನೋಡ್ತಿದ್ದೆ" ಎಂದರು ಯಜಮಾನರು. ಹೇಳಿದ ಮೇಲೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. "ನನಗೆ ಚಾಳೀಸು. ಸುಮಾರು ವರ್ಷದಿಂದ."

"ಅಕ್ಕ ಅದನ್ನ ನನಗೆ ಅಷ್ಟೇ ವರ್ಷದಿಂದ ಹೇಳ್ತಿದ್ದಾಳೆ, ನಾನೇ ನಿಮ್ಮ ಹದ್ದಿನ ಕಣ್ಣನ್ನ ನಂಬಿದ್ದೆ" ಎಂದು ಈಗ ಅವನೂ ಹೊಟ್ಟೆ ಹಿಡಿದುಕೊಂಡ.

ಜಡ್ಜಮ್ಮ ತಮ್ಮ ಡೈವಿಂಗ್ ಮುಖವಾಡ ತಂದು ತೋರಿಸಿದರು. ಗಾಜಿನ ಒಳಗಡೆ ಎರಡು ಅರ್ಧಚಂದ್ರದಂಥ ಮೆತ್ತನೆಯ ಲೆನ್ಸುಗಳಿದ್ದವು, ನೀರು ತಾಗಿಸಿ ಅಂಟಿಸುವಂಥವು. "ನನ್ನ ಹತ್ರ ಇನ್ನೊಂದು ಜೊತೆ ಇದೆ, ತಗೊಳ್ಳಿ. ಆದ್ರೆ ಹಾಕ್ಕೊಂಡ್ರೆ ನನಗೆ ಎಲ್ಲಾ ಮೀನೂ ಜೋಡಿ ಜೋಡಿಯಾಗಿ ಕಾಣುತ್ತೆ."

ಯಜಮಾನರು ಮುಖವಾಡವನ್ನು ತಿರುಗಿಸಿ ನೋಡಿ ಬೆಚ್ಚಿಬಿದ್ದರು. "ಯಾರಮ್ಮ ಇದನ್ನ ಅಂಟಿಸಿದ್ದು? ಒಂದು ಕಣ್ಣಿಂದು ತಲೆಕೆಳಗಾಗಿದೆ!"

ಮರುದಿನ ಪೂರ್ತಿ ಅವರಿಗೆ ನೀರಿಗಿಳಿಯಲು ಅಪ್ಪಣೆಯಿರಲಿಲ್ಲ. ಮೊದಲು ಜಡ್ಜಮ್ಮನ ಲೆನ್ಸು ಕಿತ್ತು, ಕಣ್ಣಿನ ಅಂತರ ಅಳೆದು, ನೆಟ್ಟಗೆ ಕೂರಿಸಿಕೊಟ್ಟರು. ಅದನ್ನು ಕಂಡು ಇನ್ನೊಬ್ಬರು ಬಂದರು, "ನನಗೂ ಅಂಕಿ ಸ್ವಲ್ಪ..." ಎಂದು ರಾಗವೆಳೆಯುತ್ತ. ಹೀಗೆ ಅರ್ಧ ಹಡಗೇ ಬಂತು. ಕೊನೆಗೆ ಕ್ಯಾಪ್ಟನ್ನೇ ಬಾಗಿಲಲ್ಲಿ ತಲೆಹಾಕಿ, "ನಂದೂ ಒಂದು ನೋಡಿಬಿಡಿ" ಎಂದು ಪಿಸುಗುಟ್ಟಿದ. ಅವನು ಕೈಯಲ್ಲಿದ್ದ ಸಮುದ್ರದ ನಕ್ಷೆಯ ದೊಡ್ಡ ಅಕ್ಷರಗಳಲ್ಲೇ ತಡವರಿಸಿದ. ಯಜಮಾನರು ತಮ್ಮ ಪೆಟ್ಟಿಗೆಯಲ್ಲಿ ಗುಟ್ಟಾಗಿ ತಂದು ಒಮ್ಮೆಯೂ ಹಾಕದಿದ್ದ ಕನ್ನಡಕವನ್ನು ಅವನ ಮೂಗಿಗೇರಿಸಿ, "ಇದಿಲ್ಲದೆ ನಕ್ಷೆ ಓದಿ ಹಡಗು ಓಡಿಸಿದ್ರೆ ನೋಡಿ!" ಎಂದು ಗದರಿದರು.

ಅದರ ಮರುದಿನ ಗೈಡ್ ತನ್ನ ಹತ್ತಿರವಿದ್ದ ದಪ್ಪ ಅಂಕಿಯ ಕಂಪ್ಯೂಟರನ್ನು ಅವರ ಕೈಗೆ ಕಟ್ಟಿದಳು. ಯಜಮಾನರು ಹೊಸ ಲೆನ್ಸಿನ ಮುಖವಾಡ ಹಾಕಿಕೊಂಡು ಭಾಮೈದನ ಜೊತೆ ಇಳಿದರು. ಗೈಡ್ ಬಂಡೆಯ ಸಂದಿಗೆ ಟಾರ್ಚ್ ಬಿಟ್ಟಳು. ಇಷ್ಟು ದಿನ ಅವಳು ತೋರಿಸಿದ್ದಕ್ಕೆಲ್ಲ ಅವರು ಸುಮ್ಮನೆ ತಲೆಯಾಡಿಸಿದ್ದರು. ಈಗ ಅಲ್ಲೊಂದು ಹುಳು ಇತ್ತು! ಅಕ್ಕಿಕಾಳಿನಷ್ಟು ಉದ್ದ, ನೇರಳೆ ಮೈ, ಹಳದಿ ಅಂಚು, ತಲೆಯ ಮೇಲೆ ಎರಡು ಪುಟಾಣಿ ಕೊಂಬು. ಅದು ಯಾರ ಹಂಗೂ ಇಲ್ಲದೆ, ಸೀರೆಯ ನೆರಿಗೆ ಬೀಸಿಕೊಂಡು ಹೋಗುವವಳಂತೆ ನಡೆಯುತ್ತಿತ್ತು. ಪಕ್ಕದಲ್ಲಿ ಇನ್ನೊಂದು. ಅದರಾಚೆ ಗಾಜಿನಂಥ ಸೀಗಡಿ, ಅದರ ಹೊಟ್ಟೆಯೊಳಗಿನ ಮೊಟ್ಟೆಗಳೂ ಕಂಡವು.

ಯಜಮಾನರು ಉಸಿರಾಟದ ನಳಿಗೆಯೊಳಗೇ "ಹೋ! ಹೋ!" ಎಂದು ಕೂಗಿದರು. ಗುಳ್ಳೆಗಳು ಗಳಗಳ ಎದ್ದವು. ಭಾಮೈದ ತನ್ನ ಡಬ್ಬಿ ತೋರಿಸಿದ, ಮೇಲೆ ಹೋಗೋಣ ಎಂದು ಹೆಬ್ಬೆರಳು ಎತ್ತಿದ. ಯಜಮಾನರು ಅತ್ತ ನೋಡಲೇ ಇಲ್ಲ. ಅವನು ಕೊನೆಗೆ ಅವರ ಬೆನ್ನಿನ ಸಿಲಿಂಡರಿನ ಪಟ್ಟಿಗೆ ಕೈಹಾಕಿ, ಜಾತ್ರೆಯಲ್ಲಿ ಆಟಿಕೆ ಅಂಗಡಿಯ ಮುಂದೆ ನಿಂತ ಮಗುವನ್ನು ಎಳೆದೊಯ್ಯುವಂತೆ ಮೇಲಕ್ಕೆ ಎಳೆದುಕೊಂಡು ಹೊರಟ. ಎಳೆದಷ್ಟೂ ಯಜಮಾನರು ಕತ್ತು ತಿರುಗಿಸಿ ಕೆಳಗೇ ನೋಡುತ್ತಿದ್ದರು.