ಎಡೆ ಮುಟ್ಟಿದ ನಾಯಿ

ಕ್ರಿಸ್ಪುಲೋ ತೀರಿಕೊಂಡು ವರ್ಷ ತುಂಬಿದ ದಿನ, ಪ್ರಾರ್ಥನೆಯ ಕೊನೆಯ ಆಮೆನ್ ಇನ್ನೂ ಬಾಯಲ್ಲಿರುವಾಗಲೇ, ಅವನಿಗಿಟ್ಟ ಎಡೆಯಿಂದ ಮೀನಿನ ತಲೆಯನ್ನು ನಾಯಿ ಎತ್ತಿಕೊಂಡಿತು. ಸತ್ತವರು ಉಂಡು ತೃಪ್ತರಾಗುವ ತನಕ ಆ ತಟ್ಟೆಗೆ ಯಾರೂ ಬಾಯಿ ಹಾಕಬಾರದೆಂದು ಇಲೋಕೋಸ್ ಸೀಮೆಯ ಎಳೆಗೂಸಿಗೂ ಗೊತ್ತು. ನಾಯಿಗೆ ಹೇಳುವವರಾರು?

"ಅಯ್ಯೋ ದೇವಮಾತೆ!" ಸತ್ತವನ ಅಕ್ಕ ಪುರಿಂಗ್ ಎದೆ ಬಡಿದುಕೊಂಡಳು. "ನನ್ನ ತಮ್ಮನ ಅನ್ನ! ಹಸಿದ ಜೀವ ಇನ್ನು ಮನೆಮಂದಿಗೆಲ್ಲ ಕಾಯಿಲೆ ತರತ್ತೆ. ಅಂಬೋ, ಗೋಣಿಚೀಲ ತಗೊಂಬಾ. ಈ ಅನಿಷ್ಟಾನ ಇವತ್ತೇ ಸಾಗಿಸು."

ಕಿರಿಯ ತಮ್ಮ ಅಂಬೋ ಚೀಲ ಹಿಡಿದೇ ಬಂದ. ಸಾಗಿಸುವುದು ಎಲ್ಲಿಗೆಂದು ವಿಧವೆ ಲಿಯೋನಿಲಾಗೆ ಚೆನ್ನಾಗಿ ಗೊತ್ತಿತ್ತು. ಅಂಬೋನ ಕುಡುಕ ಗೆಳೆಯರಿಗೆ ಜಿನ್ ಜೊತೆ ನಂಜಿಕೊಳ್ಳಲು ನಾಯಿಮಾಂಸ ಸಿಕ್ಕರೆ ಹಬ್ಬ.

ವರ್ಷದ ಹಿಂದೆ ಗಂಡನನ್ನು ಮಣ್ಣು ಮಾಡಿ ಬಂದವಳು ಮಾತು ಬಿಟ್ಟಿದ್ದಳು. ಒಂಬತ್ತು ದಿನದ ಪ್ರಾರ್ಥನೆಗೆ ಬಂದವರೆಲ್ಲ ಉಂಡು, ಕೈ ತೊಳೆದು, "ಧೈರ್ಯ ತಗೋ" ಎಂದು ಹೇಳಿ ಹೋದರು. ಧೈರ್ಯವೇನು ಸಂತೆಯಲ್ಲಿ ಸಿಗುತ್ತದೆಯೇ? ಅವಳು ಚಾಪೆ ಬಿಟ್ಟು ಏಳಲಿಲ್ಲ. ನಾಯಿ ಬಾಸಿಯೂ ಏಳಲಿಲ್ಲ. ಕಬ್ಬಿನ ಕಳ್ಳಿನ ಬಣ್ಣದ ನಾಯಿಗೆ ಆ ಕಳ್ಳಿನ ಹೆಸರನ್ನೇ ಇಟ್ಟವನು ಕ್ರಿಸ್ಪುಲೋ. ಅದು ಅವಳ ಬೆನ್ನಿಗೆ ಬೆನ್ನು ಒತ್ತಿ ಮಲಗಿತ್ತು. ಒಂದು ಬೆಳಿಗ್ಗೆ ಯಜಮಾನನ ಚಪ್ಪಲಿ ಕಚ್ಚಿ ತಂದು ಅವಳ ಮುಖದ ಮೇಲೇ ಹಾಕಿತು.

"ಥೂ, ದರಿದ್ರ ಮುಂಡೇದೇ!"

ಗಂಡ ಹೋದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದೇ. ಬೈದವಳಿಗೆ ಅಳು ಬಂತು, ಅತ್ತವಳಿಗೆ ಹಸಿವಾಯಿತು, ಎದ್ದು ಇಬ್ಬರಿಗೂ ಅನ್ನಕ್ಕಿಟ್ಟಳು.

ಈಗ ಅವಳು ಅಂಬೋನಿಗೆ ಅಡ್ಡ ನಿಂತಳು. "ಮುಟ್ಟು ನೋಡೋಣ. ಮೊದಲು ನನ್ನ ತುಂಬು ಆ ಚೀಲಕ್ಕೆ."

"ಅತ್ತಿಗೆ, ಬರೀ ನಾಯಿ ಅಲ್ವಾ..."

"ಹೌದಪ್ಪ, ಬರೀ ನಾಯಿ. ನೀವೆಲ್ಲ ದೊಡ್ಡ ಮನುಷ್ಯರು. ಒಂಬತ್ತನೇ ದಿನ ಊಟ ಮಾಡಿ ಹೋದೋರು ಇವತ್ತು ಮತ್ತೆ ಊಟಕ್ಕೇ ಬಂದಿದೀರಿ."

"ನಾಯಿಗೋಸ್ಕರ ಗಂಡನ್ನ ಉಪವಾಸ ಕೆಡವ್ತೀಯೇನೇ?" ಪುರಿಂಗ್ ಕಿರುಚಿದಳು.

"ಮನಾಂಗ್, ಅಕ್ಕಾ, ಸ್ವಲ್ಪ ಬಗ್ಗಿ ನೋಡಿ. ಅದು ಎಲ್ಲಿ ಕೂತು ತಿಂತಿದೆ?"

ಬಾಸಿ ಅಂಗಳಕ್ಕೆ ಓಡಿರಲಿಲ್ಲ. ಕ್ರಿಸ್ಪುಲೋನ ಖಾಲಿ ಕುರ್ಚಿಯ ಕೆಳಗೆ, ತನ್ನ ಮಾಮೂಲಿ ಜಾಗದಲ್ಲಿ, ಮೀನಿನ ತಲೆಯನ್ನು ಮುಂಗಾಲುಗಳ ನಡುವೆ ಇಟ್ಟುಕೊಂಡು ಕೂತಿತ್ತು.

"ಮೀನಿನ ತಲೆ ಅವರಿಗೇ ಅಂತ ಎತ್ತಿಡ್ತಿದ್ವಿ. ಒಂದಿನಾನಾದ್ರೂ ಪೂರ್ತಿ ತಿಂದ್ರಾ? ಮೇಜಿನ ಕೆಳಗೆ ಯಾರ ಬಾಯಿಗೆ ಹೋಗ್ತಿತ್ತು? ನೀವೇ ಸೌಟಲ್ಲಿ ಅವರ ಕೈಗೆ ಹೊಡೀತಿದ್ರಲ್ಲ, ಮರೆತುಹೋಯ್ತಾ?"

ಪುರಿಂಗ್ ಬಗ್ಗಿ ಕುರ್ಚಿಯ ಕೆಳಗೆ ನೋಡಿದಳು. ಕಣ್ಣು ತುಂಬಿ ಬಂತು. ಅಂಬೋ ಚೀಲವನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ಲಿಯೋನಿಲಾ ಎಡೆಯಲ್ಲಿ ಉಳಿದಿದ್ದ ಮೊಟ್ಟೆಯನ್ನೂ ಅಂಟನ್ನವನ್ನೂ ತೆಗೆದು, ಎಲ್ಲರೂ ನೋಡುತ್ತಿರುವಂತೆಯೇ ಕುರ್ಚಿಯ ಕೆಳಗಿಟ್ಟಳು.

"ಅವರ ಪಾಲು ಅವರು ಯಾರಿಗೆ ಕೊಡ್ತಿದ್ರೋ ಅವರಿಗೇ ಹೋಗತ್ತೆ. ಮುಂದಿನ ವರ್ಷಾನೂ ಅಷ್ಟೇ. ಹೊಟ್ಟೆ ತುಂಬಲಿಲ್ಲ ಅಂದ್ರೆ ನನ್ನ ಕನಸಿಗೆ ಬಂದು ಜಗಳ ಆಡ್ಲಿ. ಬರ್ಲಿ ಅಂತಾನೇ ಕಾಯ್ತಿದೀನಿ. ಒಂದಿನಾನಾದ್ರೂ ಬಂದ್ರಾ?"

ಬಾಸಿ ಮೊಟ್ಟೆಯನ್ನು ಅಲ್ಲೇ ಬಿಟ್ಟು ಹೊರಗೆ ಬಂದು, ಅವಳ ಕಾಲಿಗೆ ಬೆನ್ನು ಒತ್ತಿ ಕೂತಿತು.