ಹೊಸದೇನೂ ಇಲ್ಲದ ವರ್ಷ

ಮಂಗಳವಾರ ಸಂಜೆ ಏಳಕ್ಕೆ ಸರಿಯಾಗಿ ಪ್ರೆಸ್ಸಿನವರು ಗಂಟೆ ಬಾರಿಸಿದರು. ಮುದ್ರಣಾಲಯದ ಮಾಲೀಕರಾದ ಅವರು ಸೇವಾ ಕ್ಲಬ್ಬಿನ ಕಾರ್ಯದರ್ಶಿ. ಹನ್ನೊಂದು ವರ್ಷದಿಂದ ಆ ಗಂಟೆಯನ್ನು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಔಷಧಿ ಅಂಗಡಿಯ ಮೇಲಿನ ಸಭಾಂಗಣದಲ್ಲಿ ಇಪ್ಪತ್ತಾರು ಮಂದಿ ಎದ್ದು ನಿಂತು ಪ್ರತಿಜ್ಞೆ ಓದಿ ಕೂತರು. ಬಿಸ್ಕತ್ತಿನ ತಟ್ಟೆ ಕೈಯಿಂದ ಕೈಗೆ ಸಾಗಿತು. ಕ್ಲಬ್ಬಿನ ಬಿಲ್ಲೆ ಮರೆತು ಬಂದವರು ಎದ್ದು ಒಂದು ಹಾಡು ಹೇಳಬೇಕೆಂಬುದು ಅಲ್ಲಿನ ಪದ್ಧತಿ. ಆ ದಿನ ಸಿಕ್ಕಿಬಿದ್ದವರು ಹಲ್ಲಿನ ಡಾಕ್ಟರು. ಅವರ ಹಾಡು ಕೇಳಿದ ಮೇಲೆ, ಇನ್ನು ಮುಂದೆ ಅವರು ಬಿಲ್ಲೆ ಮರೆತರೂ ಸುಮ್ಮನೆ ಬಿಟ್ಟುಬಿಡಬೇಕೆಂದು ಸಭೆ ಒಮ್ಮತದಿಂದ ತೀರ್ಮಾನಿಸಿತು.

ಒಳ್ಳೆಯ ಜನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕ್ಲಬ್ಬಿನಲ್ಲಿ ಎಲ್ಲೂ ಬರೆದಿಡದ ಒಂದು ನಿಯಮವಿತ್ತು. ಅಧ್ಯಕ್ಷರಾದವರು ತಮ್ಮ ವರ್ಷದಲ್ಲಿ ಊರಿಗೆ ಹೊಸದೊಂದನ್ನು ಕೊಡಬೇಕು, ಅದರ ಮೇಲೆ ಅವರ ಹೆಸರಿರಬೇಕು. ಹಿಂದಿನವರು ಕೊಟ್ಟದ್ದನ್ನು ಮುಂದಿನವರು ಮುಟ್ಟುವಂತಿಲ್ಲ. ಮುಟ್ಟಿದರೆ ಹಿಂದಿನವರಿಗೆ ಅವಮಾನ ಮಾಡಿದ ಹಾಗೆ. ಹೀಗಾಗಿ ಊರ ತುಂಬ ಹೆಸರು ಕೆತ್ತಿದ ಕಲ್ಲುಗಳು ಫಳಫಳ ಹೊಳೆಯುತ್ತಿದ್ದವು, ಕಲ್ಲಿನ ಪಕ್ಕದ ವಸ್ತುಗಳು ಮಾತ್ರ ಕೆಟ್ಟು ಕೂತಿದ್ದವು. ಮಾರುಕಟ್ಟೆಯ ಗಡಿಯಾರದಲ್ಲಿ ಯಾವಾಗ ನೋಡಿದರೂ ನಾಲ್ಕೂ ಇಪ್ಪತ್ತು. ಗ್ರಂಥಾಲಯದ ಮುಂದಿನ ನಲ್ಲಿ ತಿರುಗಿಸಿದರೆ ಗಾಳಿ ಬರುತ್ತಿತ್ತು. ಇದನ್ನು ಯಾರೂ ತಪ್ಪೆಂದು ತಿಳಿದಿರಲಿಲ್ಲ, ಮರ್ಯಾದೆ ಎಂದು ತಿಳಿದಿದ್ದರು.

ಇನ್ನು ಎರಡು ವಾರಕ್ಕೆ ಅಧ್ಯಕ್ಷನಾಗಬೇಕಿದ್ದವನು ಸೈಕಲ್ ಅಂಗಡಿಯ ಯಜಮಾನ. ಮೂವತ್ತು ವರ್ಷ ಗಾಲಿಗಳ ನಡುವೆಯೇ ಕಳೆದವನೆಂದು ಊರವರು ಅವನಿಗೆ ಚಕ್ರವರ್ತಿ ಎಂದು ಅಡ್ಡಹೆಸರಿಟ್ಟಿದ್ದರು. ಅವನಪ್ಪ ಇದೇ ಊರಿನ ರಸ್ತೆ ಬದಿಯಲ್ಲಿ ಬಕೆಟ್ಟು ನೀರು ಇಟ್ಟುಕೊಂಡು ಪಂಕ್ಚರ್ ಹಾಕುತ್ತಿದ್ದವನು. ಮಗನಿಗೆ ಈಗ ಮೂರು ಬಾಗಿಲಿನ ಅಂಗಡಿ, ನಾಲ್ವರು ಕೆಲಸಗಾರರು. ಉದ್ಯಾನದಲ್ಲಿ ಹಾಡಿಗೆ ತಕ್ಕಂತೆ ಕುಣಿಯುವ ಕಾರಂಜಿ ಮಾಡಿಸುತ್ತೇನೆಂದು ಅವನು ಆ ಸಂಜೆ ಘೋಷಿಸಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ತನ್ನ ಹೆಸರು ಕಲ್ಲಿನ ಮೇಲೆ ಬರುತ್ತದೆಂದು ನೆನೆದು ಅವನಿಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಆಸೆ ದೊಡ್ಡದೇ, ಆದರೆ ಅವನಿಗೆ ತಕ್ಕದ್ದಲ್ಲವೆಂದು ಯಾರೂ ಹೇಳುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ಒಂದು ಗಾಲಿಕುರ್ಚಿ ಕಿರುಗುಟ್ಟುತ್ತಾ, ಎಡಕ್ಕೆ ಎಳೆಯುತ್ತಾ ಬಂದು ನಿಂತಿತು. ಕುಳಿತಿದ್ದವಳು ಮೈಕ್ ಅಕ್ಕ. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಹೇಳುವುದು ಅವಳ ಕೆಲಸ. ಮುಖ ನೋಡದವರಿಗೂ ಅವಳ ದನಿ ಗೊತ್ತು.

"ಅಣ್ಣ, ಮುಂದಿನ ಸಣ್ಣ ಗಾಲಿ ತಿರುಗ್ತಾ ಇಲ್ಲ. ಎಡಗಡೇದು. ಸ್ವಲ್ಪ ನೋಡಿ."

ಚಕ್ರವರ್ತಿಯ ಕೈ ಅಭ್ಯಾಸಬಲದಿಂದ ಸ್ಪ್ಯಾನರಿನತ್ತ ಹೋಯಿತು. ಅಷ್ಟರಲ್ಲಿ ಕುರ್ಚಿಯ ಬೆನ್ನಿನ ಮೇಲೆ ಬರೆದಿದ್ದ ಹೆಸರು ಕಣ್ಣಿಗೆ ಬಿತ್ತು. ನಾಲ್ಕು ವರ್ಷದ ಹಿಂದೆ ಹಲ್ಲಿನ ಡಾಕ್ಟರು ಅಧ್ಯಕ್ಷರಾಗಿದ್ದಾಗ ಹಂಚಿದ ಇಪ್ಪತ್ತು ಕುರ್ಚಿಗಳಲ್ಲಿ ಇದೂ ಒಂದು. ಕೈ ದಾರಿ ಬದಲಿಸಿ ಮೇಜಿನ ಡ್ರಾಯರಿಗೆ ಹೋಗಿ, ಕ್ಲಬ್ಬಿನ ಅರ್ಜಿ ನಮೂನೆಯೊಂದನ್ನು ತೆಗೆಯಿತು.

"ಇದು ಡಾಕ್ಟರ ವರ್ಷದ್ದು ನೋಡಮ್ಮ. ನಾನು ಕೈ ಹಾಕಿದ್ರೆ ಸರಿ ಇರಲ್ಲ. ಈ ಅರ್ಜಿ ತುಂಬಿಕೊಡು. ಎರಡು ವಾರಕ್ಕೆ ನನ್ನ ಪದಗ್ರಹಣ ಇದೆ. ಅವತ್ತು ವೇದಿಕೆ ಮೇಲೆ ಹೊಸದೇ ಕೊಡಿಸ್ತೀನಿ."

"ನಾನು ಬಂದಿರೋದು ಸೈಕಲ್ ಅಂಗಡಿಗೆ ಅಣ್ಣ, ಕ್ಲಬ್ಬಿಗಲ್ಲ."

"ಅದು ಸರಿ. ಆದ್ರೂ..."

"ಹೊಸದು ನಂಗೆ ಬೇಡ. ಇದು ನಮ್ಮ ಮನೆ ಬಾಗಿಲಲ್ಲಿ ಸರಿಯಾಗಿ ಹೋಗುತ್ತೆ, ನನ್ನ ಮೈಗೆ ಒಗ್ಗಿದೆ. ಎರಡು ವಾರ ಕಾಯೋಕೂ ಆಗಲ್ಲ. ಈ ತಿಂಗಳಲ್ಲಿ ನಾಲ್ಕು ಸಲ ತಡವಾಗಿ ಹೋಗಿದ್ದೀನಿ. ಸೋಮವಾರದಿಂದ ಬೆಳಿಗ್ಗೆ ಆರೂವರೆ ಬಸ್ಸಿನ ಹೊತ್ತಿಗೆ ನಾನು ಮೈಕಿನ ಮುಂದೆ ಇಲ್ಲಾಂದ್ರೆ ಮ್ಯಾನೇಜರು ರೆಕಾರ್ಡು ಮಾಡಿರೋ ದನಿ ಹಾಕ್ತಾರಂತೆ. ಮೆಷಿನ್ನು ಆಗಲೇ ಬಂದು ಡಬ್ಬದಲ್ಲಿ ಕೂತಿದೆ."

"ಡಾಕ್ಟರ ಹತ್ರ ಇವತ್ತೇ ಮಾತಾಡ್ತೀನಿ. ಅರ್ಜಿ ಮಾತ್ರ ತುಂಬಿಬಿಡು."

ಅವಳು ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡಳು. "ಅರ್ಜಿ ಬರೆಯೋಕೆ ನನ್ನ ಕೈ ಚೆನ್ನಾಗೇ ಇದೆ ಅಣ್ಣ. ಕೆಟ್ಟಿರೋದು ಗಾಲಿ."

ಕುರ್ಚಿ ಬಂದ ಹಾಗೇ ಕಿರುಗುಟ್ಟುತ್ತಾ ಹೋಯಿತು. ಮೂವತ್ತು ವರ್ಷದಲ್ಲಿ ಆ ಅಂಗಡಿಯ ಮೆಟ್ಟಿಲಿಗೆ ಬಂದ ಗಾಲಿ ತಿರುಗದೆ ವಾಪಸು ಹೋದದ್ದು ಅದೇ ಮೊದಲು. ಕೆಲಸಗಾರರು ಮುಖ ಮುಖ ನೋಡಿಕೊಂಡರು.

ಮಧ್ಯಾಹ್ನ ಅವನು ಡಾಕ್ಟರ ಕ್ಲಿನಿಕ್ಕಿಗೆ ಹೋದ. ಡಾಕ್ಟರು ಕೈಗವಸು ಕಳಚಿ ಸಮಾಧಾನದಿಂದಲೇ ಕೇಳಿಸಿಕೊಂಡರು.

"ನೋಡಿ ಚಕ್ರವರ್ತಿ, ಆ ಕುರ್ಚಿಗಳನ್ನ ನಾನೇ ಹೋಗಿ ಒಂದೊಂದಾಗಿ ಆರಿಸಿ ತಂದಿದ್ದು. ಈಗ ನಿಮ್ಮ ಅಂಗಡಿ ಮುಂದೆ ಅದನ್ನ ಬಿಚ್ಚಿ ಹಾಕಿದ್ರೆ ಜನ ಏನಂತಾರೆ? ಡಾಕ್ಟರು ಕಳಪೆ ಮಾಲು ಹಂಚಿದ್ರು ಅಂತಾರೆ. ನಾಳೆ ನಿಮ್ಮ ಕಾರಂಜಿ ನಿಂತುಹೋಗಿ, ಮುಂದಿನ ಅಧ್ಯಕ್ಷ ಪೈಪು ಹಿಡ್ಕೊಂಡು ಬಂದ್ರೆ ನಿಮಗೆ ಹೇಗನ್ಸುತ್ತೆ?"

ಚಕ್ರವರ್ತಿ ಯೋಚಿಸಿದ. ನಿಜ ಹೇಳಬೇಕೆಂದರೆ, ಹಾಗೇನಾದರೂ ಆದರೆ ಅವನಿಗೂ ಮೈ ಉರಿಯುತ್ತಿತ್ತು.

"ಆ ಹೆಣ್ಣುಮಗಳಿಗೆ ಹೊಸ ಕುರ್ಚಿ ನಾನೇ ಕೊಡ್ತೀನಿ. ಎರಡು ವಾರ ತಾಳ್ಕೊಳ್ಳೋಕೆ ಹೇಳಿ," ಎಂದರು ಡಾಕ್ಟರು. ಅದರಲ್ಲಿ ಮೋಸವಿರಲಿಲ್ಲ. ಸೋಮವಾರ ಎಂಬ ಮಾತನ್ನು ಚಕ್ರವರ್ತಿ ಹೇಳಿದ್ದ, ಅವರು ಕೇಳಿಸಿಕೊಂಡೂ ಇದ್ದರು. ಇಬ್ಬರಲ್ಲಿ ಒಬ್ಬರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಶನಿವಾರ ಬೆಳಿಗ್ಗೆ ಚಕ್ರವರ್ತಿ ಮತ್ತು ಪ್ರೆಸ್ಸಿನವರು ಇನ್ನೊಂದು ಊರಿನ ಕಾರಂಜಿ ನೋಡಿ ಬರಲೆಂದು ಬಸ್ ನಿಲ್ದಾಣಕ್ಕೆ ಬಂದರು. ಇಬ್ಬರೂ ಇಸ್ತ್ರಿ ಮಾಡಿದ ಕೋಟು ತೊಟ್ಟಿದ್ದರು. ಆರೂವರೆಗೆ ಇನ್ನೂ ಐದು ನಿಮಿಷವಿತ್ತು. ಪ್ಲಾಟ್‌ಫಾರ್ಮಿಗೆ ಹತ್ತುವ ಇಳಿಜಾರಿನ ಬುಡದಲ್ಲಿ ಜನ ಸೇರಿದ್ದರು. ಮೈಕ್ ಅಕ್ಕನ ಕುರ್ಚಿ ಅಲ್ಲಿ ಸಿಕ್ಕಿಕೊಂಡು ಅಡ್ಡವಾಗಿ ನಿಂತಿತ್ತು. ಇಬ್ಬರು ಹಮಾಲಿಗಳು ಅವಳನ್ನು ಕಂಕುಳಿಗೂ ಮಂಡಿಗೂ ಕೈ ಕೊಟ್ಟು ಎತ್ತಿಕೊಂಡು ಒಳಗೆ ಒಯ್ಯುತ್ತಿದ್ದರು. ಕೆಳಗಿನಿಂದ ಯಾರೋ "ಹುಷಾರು, ಸೀರೆ ಸಿಕ್ಕಿಕೊಳ್ಳುತ್ತೆ" ಎಂದರು. ಅವಳು ಯಾರನ್ನೂ ನೋಡದೆ ಚಾವಣಿಯನ್ನೇ ನೋಡುತ್ತಿದ್ದಳು. ಚಕ್ರವರ್ತಿಯ ಪಕ್ಕದಲ್ಲೇ ಹಾದುಹೋಗುವಾಗ ಮಾತ್ರ ಒಮ್ಮೆ ಅವನ ಕಡೆ ಕಣ್ಣು ತಿರುಗಿಸಿದಳು.

ಅವನಿಗೆ ನಾಚಿಕೆಯಾಯಿತು. ಹದಿನೈದು ನಿಮಿಷದ ಕೆಲಸ. ಆ ಕೆಲಸ ಊರಿನಲ್ಲಿ ಅವನಷ್ಟು ಚೆನ್ನಾಗಿ ಬಲ್ಲವರಿಲ್ಲ. ಅವನು ಕೊಟ್ಟದ್ದು ಒಂದು ಕಾಗದ.

ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಅವಳ ದನಿ ಕೇಳಿಸಿತು, ಎಂದಿನ ಹಾಗೇ ಸ್ಪಷ್ಟವಾಗಿ, ಏನೂ ಆಗದವರ ಹಾಗೆ: "ಪ್ರಯಾಣಿಕರ ಗಮನಕ್ಕೆ..."

"ನೀವು ಹೋಗಿಬನ್ನಿ," ಎಂದ ಚಕ್ರವರ್ತಿ ಪ್ರೆಸ್ಸಿನವರಿಗೆ.

"ಅಲ್ರೀ, ಕಾರಂಜಿ?"

"ಅದೇನು ಓಡಿಹೋಗುತ್ತಾ? ಹೋಗಿ."

ಅಂಗಡಿಗೆ ಓಡಿ, ಸಾಮಾನಿನ ಪೆಟ್ಟಿಗೆ ತಂದು, ಕುರ್ಚಿಯನ್ನು ಮೇಲಕ್ಕೆತ್ತಿ ಒಯ್ದು, ಎರಡನೇ ಪ್ಲಾಟ್‌ಫಾರ್ಮಿನ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಕುರ್ಚಿಯನ್ನು ಬೋರಲು ಹಾಕಿ ಸಣ್ಣ ಗಾಲಿ ಬಿಚ್ಚಿದ. ಅಚ್ಚಿಗೆ ಕೂದಲೂ ದಾರವೂ ಬಿಗಿಯಾಗಿ ಸುತ್ತಿಕೊಂಡಿದ್ದವು. ಬೇರಿಂಗು ಒಡೆದು ಎರಡು ಹೋಳಾಗಿತ್ತು. ಅದೇ ಅಳತೆಯದು ಅವನ ಡಬ್ಬಿಯಲ್ಲಿತ್ತು. ಕೋಟಿನ ತೋಳು ಗ್ರೀಸಿನಲ್ಲಿ ಅದ್ದಿಹೋಯಿತು. ಬಸ್ಸು ಹತ್ತುವವರು ಅವನ ತಲೆಯ ಮೇಲೆ ಚೀಲ ದಾಟಿಸುತ್ತಿದ್ದರು. ಮೇಲಿನಿಂದ ದನಿ ಬಂತು: "ಎರಡನೇ ಪ್ಲಾಟ್‌ಫಾರ್ಮಿನಲ್ಲಿ ತುರ್ತು ಕೆಲಸ ನಡೆಯುತ್ತಿದೆ. ಪ್ರಯಾಣಿಕರು ದಯವಿಟ್ಟು ಸುತ್ತಿ ಹೋಗಬೇಕು, ತುಳಿಯಬಾರದು."

ನಿಲ್ದಾಣಕ್ಕೆ ನಿಲ್ದಾಣವೇ ನಕ್ಕಿತು. ಅವನೂ ನಕ್ಕ.

ಬ್ರೇಕು ಬಿಗಿ ಮಾಡಿ, ಎಣ್ಣೆ ಬಿಟ್ಟು, ಕುರ್ಚಿಯನ್ನು ಅವಳ ಕೋಣೆಯ ಬಾಗಿಲಿಗೆ ತಂದುಕೊಟ್ಟ. ಅವಳು ಸ್ಟೂಲಿನಿಂದ ತಾನೇ ಜರುಗಿ ಕೂತು, ಪ್ಲಾಟ್‌ಫಾರ್ಮಿನ ಕೊನೆಯವರೆಗೆ ಹೋಗಿ, ಒಂದೇ ಕೈಯಲ್ಲಿ ಗರಕ್ಕನೆ ತಿರುಗಿಸಿಕೊಂಡು ಬಂದಳು.

"ಎಷ್ಟಾಯ್ತು ಅಣ್ಣ?"

ಏನೂ ಬೇಡ ಎನ್ನಲು ಹೊರಟವನು ನಾಲಿಗೆ ಕಚ್ಚಿಕೊಂಡು ಬೇರಿಂಗಿನ ಬೆಲೆ ಹೇಳಿದ. ಅವಳು ಕೊಟ್ಟಳು, ಅವನು ಇಸಿದುಕೊಂಡ. ಅವಳು ಅಂಗಡಿಗೆ ಬಂದ ಗಿರಾಕಿ ಎಂಬುದು ಅವನಿಗೆ ಈಗ ಅರ್ಥವಾಗಿತ್ತು.

ಸೋಮವಾರ ಆರೂವರೆಗೆ ಊರು ಕೇಳಿದ್ದು ಮೈಕ್ ಅಕ್ಕನ ದನಿಯನ್ನೇ. ಆದರೆ ಮಂಗಳವಾರದ ಸಭೆಯಲ್ಲಿ ಬಿಸ್ಕತ್ತಿನ ತಟ್ಟೆ ಅರ್ಧ ದಾರಿಯಲ್ಲೇ ನಿಂತಿತು. ಹಲ್ಲಿನ ಡಾಕ್ಟರು ಎದ್ದು ನಿಂತಿದ್ದರು.

"ನೂರು ಜನರ ಮುಂದೆ ನನ್ನ ಕುರ್ಚಿ ಬಿಚ್ಚಿದ್ದಾರೆ ಇವರು. ನಾನು ಬೇಡ ಅಂದಿದ್ದೆ, ಬಿಚ್ಚೋ ಮುಂಚೆ ಮತ್ತೆ ಒಂದು ಮಾತು ಕೇಳಲಿಲ್ಲ. ನನ್ನ ಕ್ಲಿನಿಕ್ಕಿಗೆ ಬಂದವರೆಲ್ಲ ಅದನ್ನೇ ಹೇಳ್ತಾರೆ. ಇದೇನಾ ನಮ್ಮ ಕ್ಲಬ್ಬಿನ ಬಂಧುತ್ವ?"

"ಇನ್ನೊಮ್ಮೆ ಕೇಳಬೇಕಿತ್ತು, ತಪ್ಪಾಯ್ತು," ಎಂದ ಚಕ್ರವರ್ತಿ. "ಆದ್ರೆ ಡಾಕ್ಟ್ರೇ, ಮಾಲು ಒಳ್ಳೇದೇ. ನಾಲ್ಕು ವರ್ಷ ದಿನಾ ಓಡಿದೆ. ಒಳ್ಳೇ ಮಾಲೂ ಸವೆಯುತ್ತೆ. ಸವೆಯದೇ ಇದ್ದಿದ್ರೆ ನಮ್ಮಪ್ಪ ನನ್ನನ್ನ ಸಾಕೋಕೆ ಆಗ್ತಿರಲಿಲ್ಲ. ನೀವು ಕಟ್ಟಿದ ಹಲ್ಲು ಅಲ್ಲಾಡ್ತಿದೆ ಅಂತ ಯಾರಾದ್ರೂ ಬಂದ್ರೆ, ಅರ್ಜಿ ತುಂಬಿ ಅಂತ ಕಳಿಸ್ತೀರಾ?"

ಡಾಕ್ಟರು ಕೂತರು.

"ನಾನು ಕಳಿಸಿದೆ," ಎಂದ ಚಕ್ರವರ್ತಿ. "ಗಾಲಿ ರಿಪೇರಿ ಮಾಡಿ ಬದುಕೋನು, ಕೆಟ್ಟ ಗಾಲಿ ತಂದವಳಿಗೆ ಅರ್ಜಿ ಕೊಟ್ಟೆ. ಉಳಿದ ಹತ್ತೊಂಬತ್ತು ಕುರ್ಚಿ ಎಲ್ಲಿವೆ? ನಮ್ಮಲ್ಲಿ ಯಾರಿಗಾದ್ರೂ ಗೊತ್ತಾ?"

ಯಾರಿಗೂ ಗೊತ್ತಿರಲಿಲ್ಲ. ಹಂಚಿದ ದಿನದ ಫೋಟೋ ಮಾತ್ರ ಗೋಡೆಯ ಮೇಲಿತ್ತು.

"ಹಾಗಾಗಿ ನನ್ನ ವರ್ಷದಲ್ಲಿ ಹೊಸದೇನೂ ಇಲ್ಲ. ಕಾರಂಜಿ ಬೇಡ. ಇಷ್ಟು ವರ್ಷ ನಾವು ಕೊಟ್ಟದ್ದರಲ್ಲಿ ಏನೇನು ಕೆಟ್ಟಿದೆಯೋ ಅದನ್ನೆಲ್ಲ ಸರಿ ಮಾಡೋಣ. ಪ್ರತಿ ಭಾನುವಾರ, ಶಾಲೆ ಅಂಗಳದಲ್ಲಿ."

"ಅಲ್ರೀ, ಒಳ್ಳೇ ಕ್ಲಬ್ಬಿಗೆ ಕೊಡೋ ವರ್ಷದ ಪ್ರಶಸ್ತಿ?" ಎಂದರು ಪ್ರೆಸ್ಸಿನವರು. "ರಿಪೇರಿಗೆ ಯಾರು ಕೊಡ್ತಾರೆ ಪ್ರಶಸ್ತಿ?"

"ಯಾರೂ ಕೊಡಲ್ಲ."

"ಕಲ್ಲಿನ ಮೇಲೆ ಏನು ಬರೆಸೋದು?"

"ಕಲ್ಲೇ ಬೇಡ."

ಧೈರ್ಯವಾಗಿಯೇ ಹೇಳಿದ. ಆದರೆ ಮರುದಿನ ಕಲ್ಲು ಕೆತ್ತುವವನ ಬಳಿ ಹೋಗಿ ಬೇಡವೆಂದು ಹೇಳುವಾಗ, ಅಲ್ಲಿ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದ ತನ್ನ ಹೆಸರನ್ನು ಎರಡೆರಡು ಸಲ ಓದಿಕೊಂಡ. ಅವನೇನು ದೇವರಲ್ಲವಲ್ಲ. ಡಾಕ್ಟರಂತೂ ಸಭೆ ಮುಗಿಯುವ ಮೊದಲೇ ಎದ್ದು ಹೋಗಿದ್ದರು, ಪದಗ್ರಹಣಕ್ಕೂ ಬರಲಿಲ್ಲ.

ಭಾನುವಾರದ ಸುದ್ದಿಯನ್ನು ಊರಿಗೆ ಮುಟ್ಟಿಸಿದವಳು ಮೈಕ್ ಅಕ್ಕ. ಮ್ಯಾನೇಜರನ್ನು ಒಪ್ಪಿಸಿ, ದಿನಕ್ಕೆ ನಾಲ್ಕು ಸಲ, ಬಸ್ಸುಗಳ ನಡುವೆ ಹೇಳಿದಳು: "ಕ್ಲಬ್ಬಿನಿಂದ ಪಡೆದ ಗಾಲಿಕುರ್ಚಿ ಕೆಟ್ಟಿದ್ದರೆ ಸಂಕೋಚ ಬೇಡ. ನನ್ನದೂ ಕೆಟ್ಟಿತ್ತು." ಆ ಕೊನೆಯ ಮಾತನ್ನು ಯಾವ ಮೆಷಿನ್ನೂ ಹೇಳುತ್ತಿರಲಿಲ್ಲ.

ಮೊದಲ ಭಾನುವಾರ ಐದು ಕುರ್ಚಿಗಳು ಬಂದವು, ಸದಸ್ಯರು ಏಳು ಮಂದಿ ಬಂದರು. ಪ್ರೆಸ್ಸಿನವರು ತಪ್ಪು ಬೋಲ್ಟು ಬಿಚ್ಚಿ ಕಾಲ ಮೇಲೆ ಗಾಲಿ ಬೀಳಿಸಿಕೊಂಡರು. ಎರಡನೇ ಭಾನುವಾರ ಹತ್ತು ಗಂಟೆಯ ಹೊತ್ತಿಗೆ ಶಾಲೆಯ ಗೇಟಿನ ಮುಂದೆ ಡಾಕ್ಟರ ಕಾರು ನಿಂತಿತು. ಡಿಕ್ಕಿಯಿಂದ ಅವರೇ ಒಂದು ಕುರ್ಚಿ ಇಳಿಸಿದರು. ಮುಂದಿನ ಸೀಟಿನಲ್ಲಿ ಕುಳಿತಿದ್ದವನು ಒಬ್ಬ ದರ್ಜಿ, ಐವತ್ತು ದಾಟಿದವನು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದ.

"ಹತ್ತು ದಿನದಿಂದ ಕುರ್ಚಿ ಪಡೆದವರ ಮನೆ ಹುಡುಕ್ತಾ ಇದ್ದೀನಿ," ಎಂದರು ಡಾಕ್ಟರು ಚಕ್ರವರ್ತಿಗೆ. "ಇವರ ಕುರ್ಚಿ ಪಂಕ್ಚರ್ ಆಗಿ ಎರಡು ವರ್ಷ ಆಯ್ತಂತೆ. ಎರಡು ವರ್ಷದಿಂದ ಮನೆಯಿಂದ ಆಚೆ ಬಂದಿಲ್ಲ. ಪಂಕ್ಚರ್ರು, ಚಕ್ರವರ್ತಿ! ಬರೀ ಪಂಕ್ಚರ್ರು!" ದರ್ಜಿಯತ್ತ ತಿರುಗಿ, "ಒಂದು ಮಾತು ನಂಗೆ ಹೇಳಬಾರದಿತ್ತಾ?" ಎಂದರು.

"ಹೇಗೆ ಹೇಳ್ಲಿ ಸರ್?" ದರ್ಜಿ ಮೆಲ್ಲಗೆ ಹೇಳಿದ. "ನೀವು ಪ್ರೀತಿಯಿಂದ ಕೊಟ್ಟಿದ್ರಿ. ಕೊಟ್ಟದ್ದು ಕೆಟ್ಟಿದೆ ಅಂದ್ರೆ ನಿಮಗೆ ಬೇಜಾರಾಗುತ್ತೆ ಅನ್ನಿಸ್ತು."

ಡಾಕ್ಟರು ಅಂಗಿಯ ತೋಳು ಮಡಚಿ ಚಕ್ರವರ್ತಿಯ ಪಕ್ಕ ನೆಲಕ್ಕೆ ಕೂತರು. "ನೀವು ಹಾಕಬೇಡಿ. ಹೇಗೆ ಅಂತ ನಂಗೆ ಹೇಳಿಕೊಡಿ."

ಚಕ್ರವರ್ತಿ ಹೇಳಿಕೊಟ್ಟ. ಟ್ಯೂಬು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುವುದು, ಉಜ್ಜಿ ಒರಟು ಮಾಡುವುದು, ಅಂಟು ಹಚ್ಚಿ ಆರಲು ಬಿಡುವುದು. ಡಾಕ್ಟರು ಅವಸರಪಟ್ಟದ್ದರಿಂದ ಮೊದಲ ರಬ್ಬರ್ ತುಂಡು ಕಿತ್ತುಬಂತು. ಎರಡನೆಯದು ಹಿಡಿಯಿತು. ಗಾಳಿ ತುಂಬಿ, ಅದು ನಿಂತಿದೆಯೇ ಎಂದು ಮೂರು ಸಲ ಒತ್ತಿ ನೋಡಿದರು.

ದರ್ಜಿ ಅಂಗಳದಲ್ಲಿ ನಿಧಾನವಾಗಿ ಒಂದು ಸುತ್ತು ಹಾಕಿದ. ಎರಡನೇ ಸುತ್ತಿಗೆ ಗೇಟಿನ ಬಳಿ ತಿರುಗಲಿಲ್ಲ, ನೇರ ರಸ್ತೆಗೆ ಇಳಿದ.

"ಎಲ್ಲಿಗೆ?" ಡಾಕ್ಟರು ಗಾಬರಿಯಾಗಿ ಎದ್ದು ಕೂಗಿದರು. "ಇರಿ, ಕಾರಲ್ಲಿ ಬಿಡ್ತೀನಿ. ಜೊತೆಗಾದ್ರೂ ಬರ್ತೀನಿ."

"ಬೇಡ ಸರ್," ಎಂದ ದರ್ಜಿ, ಗಾಲಿ ನಿಲ್ಲಿಸದೆ. "ಒಬ್ಬನೇ ಹೋಗಿ ತುಂಬಾ ದಿನ ಆಯ್ತು."

ಅವನು ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ಡಾಕ್ಟರು ಗೇಟು ಹಿಡಿದು ನಿಂತಿದ್ದರು. ಆಮೇಲೆ ಕೈ ಒರೆಸಿಕೊಂಡು ಒಳಗೆ ಬಂದು, ಸಾಲಿನಲ್ಲಿ ಕಾಯುತ್ತಿದ್ದವರನ್ನು ಕೇಳಿದರು:

"ಮುಂದೆ ಯಾರದ್ದು? ಬನ್ನಿ."