ಓರೆ ಗಂಟು

ಮಿಕ್ಕೋಸ್ ಎದ್ದು ನಿಂತ. ಎರಡೂ ಕಾಲ ಮೇಲೆ, ಊರುಗೋಲಿಲ್ಲದೆ ನಿಂತ. ಸಭೆಯ ಕಲ್ಲು ಮೆಟ್ಟಿಲ ಮೇಲೆ ಕೂತಿದ್ದ ವೈದ್ಯ ಲಾಂಪ್ರಿಯಾಸನಿಗೆ ಅಷ್ಟಕ್ಕೇ ಎದೆ ತುಂಬಿ ಬಂತು.

ಊರಿನ ವೈದ್ಯನನ್ನು ಆರಿಸುವ ದಿನ ಅದು. ವಾಸಿಯಾದವನೊಬ್ಬ ಎದ್ದು ಸಾಕ್ಷಿ ಹೇಳಿದರೆ ಜನ ಕೈ ಎತ್ತುತ್ತಾರೆ. ಇಲ್ಲದಿದ್ದರೆ ಪರವೂರಿನವನು ದೋಣಿ ಹತ್ತಿ ಊರು ಬಿಡಬೇಕು. ಕಾಲಿಮ್ನೋಸ್ ದ್ವೀಪಕ್ಕೆ ಬಂದು ಎಷ್ಟು ವರ್ಷವಾದರೂ ಲಾಂಪ್ರಿಯಾಸ್ ಪರವೂರಿನವನೇ. ಹೆಂಡತಿಯನ್ನು ಮಣ್ಣು ಮಾಡಿದ್ದು ಇಲ್ಲೇ. ಅವಳು ಹೋದ ಮೇಲೆ ಮೂಳೆ ಕೂಡಿಸುವ ಬಗ್ಗೆ ಒಂದು ಪುಸ್ತಕ ಬರೆದ. ಓದಿದವರು ಯಾರೂ ಇಲ್ಲ. ಊಟಕ್ಕೆ ಕೂತಾಗ ತಾನೇ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದ, ಮನೆಯಲ್ಲೊಂದು ದನಿ ಇರಲಿ ಎಂದು.

"ಹೇಳಪ್ಪಾ, ನಿನ್ನ ಕಾಲು ಸರಿ ಮಾಡಿದ್ದು ಯಾರು?" ಎಂದು ಸಭೆಯ ಹಿರಿಯ ಕೇಳಿದ.

"ದೇವರು," ಎಂದ ಮಿಕ್ಕೋಸ್. "ಗುಡೀಲಿ ಮಲಗಿದ್ನಲ್ಲ, ಕನಸಲ್ಲಿ ಅಸ್ಕ್ಲೇಪಿಯೋಸ್ ಬಂದು ಕಾಲ ಮೇಲೆ ಕೈ ಇಟ್ಟ. ತಣ್ಣಗಾಗ್ಬಿಡ್ತು! ನೀರಡಿ ಸ್ಪಂಜು ಕೀಳೋಕೆ ಮುಳುಗೋನು ನಾನು, ಸುಳ್ಳು ಹೇಳಿದ್ರೆ ಸಮುದ್ರ ಬಿಡುತ್ತಾ?"

"ಮತ್ತೆ ಈ ವೈದ್ಯ ಏನ್ ಕಿಸಿದ?" ಹಿಂದಿನಿಂದ ಯಾರೋ ಕೂಗಿದರು.

"ಪಾಪ, ಬಟ್ಟೆ ಸುತ್ತಿದ್ರು."

ಸಭೆಗೆ ಸಭೆಯೇ ನಕ್ಕಿತು. ಮಿಕ್ಕೋಸನನ್ನು ಗುಡಿಗೆ ಕಳಿಸಿದ್ದೇ ಲಾಂಪ್ರಿಯಾಸ್! ಮುರಿದ ಮೂಳೆ ಎಳೆದು ಕೂಡಿಸಿ ಪಟ್ಟಿ ಕಟ್ಟಿದರೆ, ಮಾರನೆಯ ದಿನವೇ ಈ ಭೂಪ ದೋಣಿಗಳ ಹತ್ತಿರ ಕುಂಟುತ್ತಿದ್ದ. ಬೈದರೂ ಕೇಳಲಿಲ್ಲ. ಕೊನೆಗೆ, "ಗುಡೀಲಿ ಮಲಗು. ಅಲ್ಲಾಡಿದ್ರೆ ದೇವರು ಬರಲ್ಲ, ನೋಡು" ಎಂದು ಹೆದರಿಸಬೇಕಾಯಿತು. ವೈದ್ಯನ ಮಾತಿಗೆ ಒಂದು ದಿನ ಸುಮ್ಮನಿರದವನು ದೇವರಿಗಾಗಿ ತಿಂಗಳುಗಟ್ಟಲೆ ಮಲಗಿದ. ಆ ಉಪಾಯವನ್ನು ಲಾಂಪ್ರಿಯಾಸ್ ಪುಸ್ತಕದಲ್ಲೂ ಬರೆದಿದ್ದ, ಹೆಮ್ಮೆಯಿಂದ.

ಈಗ ಎದ್ದು ಅದನ್ನೇ ಹೇಳಿದರೆ ಸಾಕಿತ್ತು. ಏಳಲು ಹೊರಟವನು ಮಿಕ್ಕೋಸನ ಮುಖ ನೋಡಿದ. ಅದು ಬೆಳಗುತ್ತಿತ್ತು. ನಾಳೆ ದೇವರು ಮುಟ್ಟಿದ ಆ ಕಾಲನ್ನು ನಂಬಿ ಕತ್ತಲೆಯ ನೀರಿಗೆ ಇಳಿಯುವವನು ಅವನು. ಲಾಂಪ್ರಿಯಾಸ್ ಮತ್ತೆ ಕೂತ.

ಕೈಗಳು ಕೋಸ್ ದ್ವೀಪದಿಂದ ಅದೇ ಕೆಲಸ ಕೇಳಿ ಬಂದಿದ್ದ ಹುರುಪಿನ ತರುಣ ವೈದ್ಯನಿಗೆ ಎದ್ದವು.

ಹೊರಗೆ ಮಿಕ್ಕೋಸ್ ಓಡಿ ಬಂದ. ಹೌದು, ಓಡಿಯೇ ಬಂದ.

"ಬೇಜಾರಾಯ್ತಾ ವೈದ್ಯರೇ?"

"ಇಲ್ಲಪ್ಪ. ಚಳಿಗೆ ನೋಯುತ್ತಾ?"

"ಏನೂ ಇಲ್ಲ, ಕಲ್ಲು ಇದ್ದಂಗಿದೆ. ಹೊರಡೋ ಮುಂಚೆ ಗುಡೀಲಿ ನನ್ನ ಹರಕೆ ನೋಡ್ಕೊಂಡು ಹೋಗಿ. ಕುಂಬಾರನ ತಲೆ ತಿಂದು ಮಾಡಿಸಿದೀನಿ."

ನೋಡಬಾರದೆಂದುಕೊಂಡರೂ ಕಾಲು ಅತ್ತಲೇ ಎಳೆಯಿತು. ಗುಡಿಯ ಗೋಡೆಯ ತುಂಬ ವಾಸಿಯಾದವರು ತೂಗುಹಾಕಿದ ಮಣ್ಣಿನ ಕೈ, ಕಿವಿ, ಪಾದ. ಅದರಲ್ಲಿ ಎಷ್ಟೋ ಅವನೇ ಮುಟ್ಟಿ ನೋಡಿದ ಮೈಗಳವು. ಈ ಊರಲ್ಲಿ ಅವನ ಪರಿಚಯದವರೆಂದರೆ ಇವೇ. ಮಿಕ್ಕೋಸನ ಕಾಲು ಕಂಬದ ಪಕ್ಕದಲ್ಲಿತ್ತು. ಉಳಿದವೆಲ್ಲ ಬರಿಯ ಕಾಲುಗಳು. ಇದಕ್ಕೆ ಮಾತ್ರ ಕುಂಬಾರ ಪಟ್ಟಿಯನ್ನೂ ಮೂಡಿಸಿದ್ದ, ಸುತ್ತು ಸುತ್ತಾಗಿ. ಹೊರಮಗ್ಗುಲಲ್ಲಿ ಒಂದು ಓರೆ ಗಂಟು. ಲಾಂಪ್ರಿಯಾಸನ ಹೆಂಡತಿ ತಲೆವಸ್ತ್ರಕ್ಕೆ ಹಾಕುತ್ತಿದ್ದ ಗಂಟು ಅದು. ಅವಳಿಂದಲೇ ಕಲಿತು ಅವನು ತಾನು ಕಟ್ಟುವ ಪಟ್ಟಿಗೆ ಹಾಕುತ್ತಿದ್ದ.

ಕೆಳಗೆ ದಡದಿಂದ ಅಂಬಿಗ ಕೂಗಿದ.

ಲಾಂಪ್ರಿಯಾಸ್ ಗಂಟಿನ ಮೇಲೆ ಹೆಬ್ಬೆರಳಿಟ್ಟು, ಎಲ್ಲಾದರೂ ಸಡಿಲವಾಗಿದೆಯೇ ಎಂದು ಮೆಲ್ಲಗೆ ಒತ್ತಿ ನೋಡಿದ.